ಮೋಡದ ಮೇಲೆ ಮೊಬೈಲ್ ಹತ್ತುತ್ತದೆಯೇ?

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವ ಬೆಳಗಿನ ವಿಮಾನ. ಪಕ್ಕದ ಸೀಟಿನಲ್ಲಿ ಇಳಕಲ್ ಸೀರೆ ಉಟ್ಟ ಅಜ್ಜಿಯೊಬ್ಬರು ಕೂತಿದ್ದರು. ವಿಮಾನ ಹತ್ತಿದ್ದು ಅದೇ ಮೊದಲು. ಕೈಯಲ್ಲಿ ಗುಂಡಿ ಒತ್ತುವ ಹಳೆಯ ಮೊಬೈಲು. ಅದನ್ನು ಎರಡು ಸಲ ತಿರುಗಿಸಿ ನೋಡಿ ನನ್ನನ್ನು ಕೇಳಿದರು: “ಯಪ್ಪಾ, ಮ್ಯಾಲ ಹ್ವಾದಮ್ಯಾಲ ಫೋನ್ ಹತ್ತತೈತೇನು? ಮಗಳು ಹಚ್ಚತಾಳ. ಹತ್ತಲಿಲ್ಲಂದ್ರ ಗಾಬರಿ ಆಕ್ಕಾಳ.”

“ಮ್ಯಾಲ ಹತ್ತಂಗಿಲ್ರಿ ಅಮ್ಮಾ. ಈಗ ಒಮ್ಮೆ ಮಾತಾಡಿ ಬಂದ್ ಮಾಡಿಡ್ರಿ, ಇಳದಮ್ಯಾಲ ಚಾಲೂ ಮಾಡೂಣಂತ” ಎಂದೆ. ಅವರು ಮಗಳಿಗೆ ಫೋನ್ ಹಚ್ಚಿ, “ಒಂದ್ ತಾಸು ಫೋನ್ ಬಂದ್ ಇರತೈತಿ, ಅಂಜಬ್ಯಾಡ” ಎಂದು ಹೇಳಿ, ಫೋನನ್ನು ಸೆರಗಿನ ಗಂಟಿನಲ್ಲಿ ಕಟ್ಟಿಟ್ಟರು.

ನಾನು ಹೇಳಿದ್ದು ತಪ್ಪಲ್ಲ, ಆದರೆ ಪೂರ್ತಿಯೂ ಅಲ್ಲ. ವಿಮಾನದಲ್ಲಿ ಫೋನ್ ಒಮ್ಮೊಮ್ಮೆ ಹತ್ತುತ್ತದೆ, ಬಹಳ ಸಲ ಹತ್ತುವುದಿಲ್ಲ. ಕೆಲವು ವಿಮಾನಗಳಲ್ಲಿ ಹತ್ತುವಂತೆ ವ್ಯವಸ್ಥೆಯೇ ಇದೆ. ಹತ್ತಿದರೂ ಹಚ್ಚಬಾರದ ಸಮಯವೂ ಇದೆ. ವರ್ಷಕ್ಕೊಮ್ಮೆ ವಿಮಾನ ಹತ್ತುವವರಿಗೂ ವಾರಕ್ಕೊಮ್ಮೆ ಹತ್ತುವವರಿಗೂ ಈ ನಾಲ್ಕರ ವ್ಯತ್ಯಾಸ ಗೊತ್ತಿದ್ದರೆ ಗಾಬರಿಯೂ ತಪ್ಪುತ್ತದೆ, ದುಡ್ಡೂ ಉಳಿಯುತ್ತದೆ.

ಟವರ್ ಮುಖ ನೆಲದ ಕಡೆಗೆ

ವಿಮಾನ ತುಂಬಾ ಮೇಲೆ ಹೋಗುವುದರಿಂದ ಟವರ್ ಸಿಗುವುದಿಲ್ಲ ಎಂದು ಹೆಚ್ಚಿನವರು ತಿಳಿದಿದ್ದಾರೆ. ದೂರವೊಂದೇ ಕಾರಣವಲ್ಲ. ದೊಡ್ಡ ವಿಮಾನಗಳು ಹಾರುವುದು 10ರಿಂದ 12 ಕಿ.ಮೀ. ಎತ್ತರದಲ್ಲಿ. ಹಳೆಯ 2ಜಿ ವ್ಯವಸ್ಥೆಯಲ್ಲೇ ಒಂದು ಟವರ್ ಸಾಮಾನ್ಯವಾಗಿ 35 ಕಿ.ಮೀ. ದೂರದವರೆಗಿನ ಫೋನನ್ನು ಹಿಡಿಯಬಲ್ಲದು. ಬಯಲುಸೀಮೆಯ ಹಳ್ಳಿಗಳಲ್ಲಿ ಎಷ್ಟೋ ಕಿ.ಮೀ. ಆಚೆಯ ಟವರಿನಿಂದಲೇ ಜನ ಮಾತಾಡುತ್ತಾರೆ.

ಮೊದಲ ತೊಡಕು ದಿಕ್ಕಿನದು. ಟವರಿನ ಆ್ಯಂಟೆನಾಗಳನ್ನು ನಿಲ್ಲಿಸುವಾಗ ಸ್ವಲ್ಪ ಕೆಳಮುಖವಾಗಿ ಬಾಗಿಸಿರುತ್ತಾರೆ. ಗಿರಾಕಿಗಳು ಇರುವುದು ರಸ್ತೆಯಲ್ಲಿ, ಮನೆಯಲ್ಲಿ, ಹೊಲದಲ್ಲಿ. ಅಲೆಗಳನ್ನು ಆಕಾಶಕ್ಕೆ ಚೆಲ್ಲಿ ಯಾವ ಕಂಪನಿಗೂ ಲಾಭವಿಲ್ಲ. ಮೇಲಕ್ಕೆ ಸೋರಿಹೋಗುವುದು ಚೂರುಪಾರು ಮಾತ್ರ. ವಿಮಾನಕ್ಕೆ ಸಿಗುವುದು ಆ ಸೋರಿಕೆಯೇ.

ಎರಡನೆಯದು ವೇಗ. ಗಂಟೆಗೆ 850 ಕಿ.ಮೀ. ವೇಗದ ವಿಮಾನ ಒಂದು ನಿಮಿಷದಲ್ಲಿ 14 ಕಿ.ಮೀ. ದಾಟುತ್ತದೆ. ಬಸ್ಸಿನಲ್ಲಿ ಹೋಗುವಾಗ ನಿಮ್ಮ ಕರೆಯನ್ನು ಒಂದು ಟವರ್ ಮುಂದಿನ ಟವರಿಗೆ ದಾಟಿಸುತ್ತಾ ಹೋಗುತ್ತದೆ. ವಿಮಾನದ ವೇಗಕ್ಕೆ ಈ ಕೈದಾಟಿಸುವ ಕೆಲಸ ಮುಗಿಯುವುದರೊಳಗೆ ಮುಂದಿನ ಟವರೂ ಹಿಂದೆ ಬಿದ್ದಿರುತ್ತದೆ.

ಮೂರನೆಯದು ಟವರ್‌ಗಳ ಜಾತ್ರೆ. ನಂದಿಬೆಟ್ಟದ ತುದಿಯಲ್ಲೋ ಮುಳ್ಳಯ್ಯನಗಿರಿಯ ಮೇಲೋ ನಿಂತಾಗ ಇದು ಅನುಭವಕ್ಕೆ ಬರುತ್ತದೆ. ಫೋನಿನಲ್ಲಿ ಕಡ್ಡಿಗಳು ತುಂಬಿರುತ್ತವೆ, ಮಾತು ಮಾತ್ರ ಕತ್ತರಿಸಿ ಕತ್ತರಿಸಿ ಬರುತ್ತದೆ. ಕೆಳಗಿನ ಊರೂರ ಟವರ್‌ಗಳೆಲ್ಲ ಅಲ್ಲಿಗೆ ಕಾಣುತ್ತವೆ, ಯಾವುದನ್ನು ಹಿಡಿಯಬೇಕೆಂದು ಫೋನ್ ತಡಕಾಡುತ್ತದೆ. ಮುಳ್ಳಯ್ಯನಗಿರಿಯ ಎತ್ತರ ಎರಡು ಕಿ.ಮೀ.ಗೂ ಕಡಿಮೆ. ಹತ್ತು ಕಿ.ಮೀ. ಮೇಲಿನಿಂದ ಎಷ್ಟು ಟವರ್ ಕಾಣಬಹುದೆಂದು ಊಹಿಸಿಕೊಳ್ಳಿ.

ಇವೆಲ್ಲದರ ಮೇಲೆ ವಿಮಾನದ ಲೋಹದ ಮೈ. ರೇಡಿಯೊ ಅಲೆಗಳು ಅದನ್ನು ತೂರಿ ಬರಲಾರವು, ಕಿಟಕಿಗಳ ಮೂಲಕ ಮಾತ್ರ ನುಸುಳಬೇಕು. ಕಿಟಕಿ ಪಕ್ಕ ಕೂತವರ ಫೋನಿನಲ್ಲಿ ಒಂದು ಕಡ್ಡಿ ಮಿನುಗಿ ಮಾಯವಾದಾಗ ನಡು ಸೀಟಿನವರ ಫೋನಿನಲ್ಲಿ ಅದೂ ಇರುವುದಿಲ್ಲ.

ಎಷ್ಟು ಎತ್ತರದವರೆಗೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಒಂದು ದೊಡ್ಡ ದುರಂತ ಕಾರಣವಾಯಿತು. 2014ರ ಮಾರ್ಚ್ 8ರಂದು ಕ್ವಾಲಾಲಂಪುರದಿಂದ ಬೀಜಿಂಗ್‌ಗೆ ಹೊರಟ ಎಂಎಚ್ 370 ವಿಮಾನ 239 ಜನರೊಂದಿಗೆ ಕಣ್ಮರೆಯಾಯಿತು. ಹಾದಿ ತಪ್ಪಿದ ಆ ವಿಮಾನ ಪೆನಾಂಗ್ ದ್ವೀಪದ ಬಳಿ ಹಾದುಹೋಗುವಾಗ, ರಾತ್ರಿ 1:52ಕ್ಕೆ, ಸಹ ಪೈಲಟ್‌ನ ಮೊಬೈಲ್ ಅಲ್ಲಿನ ಒಂದು ಟವರಿನಲ್ಲಿ ಕ್ಷಣಕಾಲ ದಾಖಲಾಗಿತ್ತು. ಕರೆ ಹೋಗಲಿಲ್ಲ, ಸಂದೇಶ ಹೋಗಲಿಲ್ಲ. ‘ಇಲ್ಲೊಂದು ಫೋನ್ ಇದೆ’ ಎಂಬುದಷ್ಟೇ ಟವರಿಗೆ ತಿಳಿಯಿತು.

ಅದು ಹೇಗೆ ಸಾಧ್ಯವಾಯಿತೆಂದು ತಿಳಿಯಲು ಮಲೇಷ್ಯಾದ ತನಿಖಾಧಿಕಾರಿಗಳು ಸಣ್ಣ ವಿಮಾನವೊಂದರಲ್ಲಿ ಬೇರೆ ಬೇರೆ ಫೋನ್‌ಗಳನ್ನಿಟ್ಟು ಅದೇ ಪ್ರದೇಶದ ಮೇಲೆ ಹಾರಿಸಿ ನೋಡಿದರು. 2018ರಲ್ಲಿ ಹೊರಬಂದ ವರದಿಯಲ್ಲಿ ಫಲಿತಾಂಶವಿದೆ. 8,000 ಅಡಿ, ಅಂದರೆ ಸುಮಾರು 2,400 ಮೀಟರ್ ದಾಟಿದ ಮೇಲೆ ಕರೆಯನ್ನು ಉಳಿಸಿಕೊಳ್ಳುವುದೇ ಕಷ್ಟವಾಯಿತು. ಆದರೂ ಒಂದು ಕಂಪನಿಯ ಫೋನ್ 20,000 ಅಡಿಯಲ್ಲೂ ಕರೆ ಹಿಡಿಯಿತು. ಎರಡು ನೆಟ್‌ವರ್ಕ್‌ಗಳು 15,000 ಅಡಿಯ ಮೇಲೆ ಸಿಗಲೇ ಇಲ್ಲ.

ಅಮೆರಿಕದ ಮೇಲೆ 2001ರ ಸೆಪ್ಟೆಂಬರ್ 11ರಂದು ದಾಳಿ ನಡೆದ ದಿನ ಪೆನ್ಸಿಲ್ವೇನಿಯಾದಲ್ಲಿ ಬಿದ್ದ 93ನೇ ಸಂಖ್ಯೆಯ ವಿಮಾನದಿಂದ ಹೋದ ಕರೆಗಳ ಲೆಕ್ಕವೂ ಇದನ್ನೇ ಹೇಳುತ್ತದೆ. ಪ್ರಯಾಣಿಕರು ಮತ್ತು ಸಿಬ್ಬಂದಿ ಮಾಡಿದ 37 ಕರೆಗಳಲ್ಲಿ 35 ಹೋದದ್ದು ಸೀಟಿನ ಬೆನ್ನಿಗೆ ಅಳವಡಿಸಿದ್ದ, ವಿಮಾನದ್ದೇ ಆದ ಫೋನುಗಳಿಂದ. ಮೊಬೈಲ್‌ನಿಂದ ಹೋದವು ಎರಡೇ. ಆ ಎರಡೂ ವಿಮಾನ ಬಹಳ ಕೆಳಗಿಳಿದಿದ್ದಾಗ, ನೆಲಕ್ಕಪ್ಪಳಿಸಲು ಐದು ನಿಮಿಷವಷ್ಟೇ ಇದ್ದಾಗ ಹೋದವು.

ಒಟ್ಟು ಲೆಕ್ಕ ಇಷ್ಟು: ವಿಮಾನ ಏರುವಾಗ ಮತ್ತು ಇಳಿಯುವಾಗಿನ ಕೆಲವು ನಿಮಿಷ ಫೋನ್ ನೆಲದ ಟವರನ್ನು ಹಿಡಿಯಬಹುದು. ಎರಡು–ಎರಡೂವರೆ ಕಿ.ಮೀ. ಮೇಲೆ ಅದು ಅದೃಷ್ಟದ ಮಾತು. ವಿಮಾನ ತನ್ನ ಪೂರ್ತಿ ಎತ್ತರಕ್ಕೆ ಹೋದ ಮೇಲೆ ಅದನ್ನು ನಂಬಿ ಕೂರುವಂತಿಲ್ಲ.

ಹತ್ತದ ಫೋನಿಗೆ ಫ್ಲೈಟ್ ಮೋಡ್ ಯಾಕೆ?

ಈ ಪ್ರಶ್ನೆಗೆ ಮೂರು ಉತ್ತರಗಳಿವೆ.

ಒಂದನೆಯದು ನೆಲದ ನೆಟ್‌ವರ್ಕಿಗಾಗಿ. ಮೇಲಿನಿಂದ ಒಂದು ಫೋನ್ ಏಕಕಾಲಕ್ಕೆ ಹತ್ತಾರು ಟವರ್‌ಗಳ ಬಾಗಿಲು ಬಡಿಯುತ್ತದೆ. ಒಂದು ವಿಮಾನದಲ್ಲಿ 180 ಜನರ ಫೋನ್ ಹೀಗೆ ಮಾಡಿದರೆ ಕೆಳಗಿನವರ ಕರೆಗಳಿಗೆ ಅಡ್ಡಿ. ಅಮೆರಿಕದ ಸಂಪರ್ಕ ಆಯೋಗ ಎಫ್‌ಸಿಸಿ 1991ರಲ್ಲಿ ಹಾರುವ ವಿಮಾನದಿಂದ ಮೊಬೈಲ್ ಬಳಸುವುದನ್ನು ನಿಷೇಧಿಸಿದಾಗ ಮುಂದಿಟ್ಟ ಕಾರಣ ಇದೇ. 2013ರಲ್ಲಿ ನಿಷೇಧ ಸಡಿಲಿಸುವ ಪ್ರಸ್ತಾಪ ಬಂತು. 2020ರಲ್ಲಿ ಆಯೋಗವೇ ಅದನ್ನು ಕೈಬಿಟ್ಟಿತು.

ಎರಡನೆಯದು ಪೈಲಟ್‌ಗಾಗಿ. ಹಿಂದೆ ರೇಡಿಯೊ ಅಥವಾ ಕಂಪ್ಯೂಟರ್ ಸ್ಪೀಕರ್ ಪಕ್ಕ ಫೋನಿಟ್ಟರೆ ಕರೆ ಬರುವ ಮುಂಚೆ ‘ಟರ್ ಟರ್’ ಎಂದು ಸದ್ದು ಬರುತ್ತಿದ್ದುದು ನೆನಪಿದೆಯೇ? ಅಂಥದೇ ಸದ್ದು ಪೈಲಟ್‌ನ ಹೆಡ್‌ಫೋನಿನಲ್ಲೂ ಕೇಳಬಹುದು. ಮಳೆಗಾಲದಲ್ಲಿ, ದಟ್ಟ ಮೋಡದ ನಡುವೆ ವಿಮಾನ ಇಳಿಸುವಾಗ ನಿಯಂತ್ರಣ ಕೇಂದ್ರ ಹೇಳಿದ ಒಂದು ಅಂಕಿ ಸರಿಯಾಗಿ ಕೇಳದಿದ್ದರೆ ಅದು ಸಣ್ಣ ಸಂಗತಿಯಲ್ಲ. ಪ್ರಯಾಣಿಕರ ಫೋನಿನಿಂದಲೇ ದೊಡ್ಡ ಪ್ರಯಾಣಿಕ ವಿಮಾನವೊಂದು ಬಿದ್ದಿತೆಂದು ಸಾಬೀತಾದ ಉದಾಹರಣೆ ಇಲ್ಲ ಎಂಬುದೂ ನಿಜ. ಈಗಿನ ವಿಮಾನಗಳ ಉಪಕರಣಗಳಿಗೆ ಒಳ್ಳೆಯ ರಕ್ಷಣೆ ಇದೆ. ಆದರೆ ವಿಮಾನಯಾನ ಇಷ್ಟು ಸುರಕ್ಷಿತವಾಗಿರುವುದೇ ಸಣ್ಣ ಅಪಾಯವನ್ನೂ ಮೊದಲೇ ಮುಚ್ಚುವ ಶಿಸ್ತಿನಿಂದ.

2022ರ ಜನವರಿಯಲ್ಲಿ ಅಮೆರಿಕದಲ್ಲಿ ಹೊಸ 5ಜಿ ಸೇವೆ ಆರಂಭವಾಗುವಾಗ ಈ ಶಿಸ್ತು ಜಗತ್ತಿಗೇ ಕಂಡಿತು. ಅಲ್ಲಿನ 5ಜಿ ಅಲೆಗಳು 3.7ರಿಂದ 3.98 ಗಿಗಾಹರ್ಟ್ಜ್‌ನಲ್ಲಿದ್ದವು. ವಿಮಾನ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯುವ ರೇಡಿಯೊ ಆಲ್ಟಿಮೀಟರ್ ಕೆಲಸ ಮಾಡುವುದು 4.2ರಿಂದ 4.4 ಗಿಗಾಹರ್ಟ್ಜ್‌ನಲ್ಲಿ. ನಡುವಿನ ಅಂತರ ಸಾಲದು ಎಂಬ ಆತಂಕಕ್ಕೆ ಜನವರಿ 19ರಂದು ಏರ್ ಇಂಡಿಯಾ ಸೇರಿ ಹಲವು ಕಂಪನಿಗಳು ಅಮೆರಿಕಕ್ಕೆ ಹೋಗುವ ವಿಮಾನಗಳನ್ನು ರದ್ದು ಮಾಡಿದವು. ಭಾರತದಲ್ಲಿ 5ಜಿಗೆ ಕೊಟ್ಟಿರುವುದು ಇನ್ನೂ ಕೆಳಗಿನ, 3.3ರಿಂದ 3.67 ಗಿಗಾಹರ್ಟ್ಜ್ ಪಟ್ಟಿ. ಆದರೂ ರನ್‌ವೇಯ ಎರಡೂ ತುದಿಯಿಂದ 2,100 ಮೀಟರ್, ಅದರ ನಡುಗೆರೆಯಿಂದ 910 ಮೀಟರ್ ಒಳಗೆ ಈ ಪಟ್ಟಿಯ 5ಜಿ ಟವರ್ ಹಾಕಬಾರದೆಂದು ದೂರಸಂಪರ್ಕ ಇಲಾಖೆ 2022ರ ನವೆಂಬರ್‌ನಲ್ಲಿ ಸೂಚಿಸಿತು. ಆ ತೊಡಕು ನೆಲದ ಟವರ್‌ಗಳದು, ನಿಮ್ಮ ಕೈಯ ಫೋನಿನದಲ್ಲ. ಎಷ್ಟು ಎಚ್ಚರ ವಹಿಸುತ್ತಾರೆ ಎಂಬುದಕ್ಕೆ ಉದಾಹರಣೆಯಾಗಿ ಹೇಳಿದೆ.

ಮೂರನೆಯದು ನಿಮಗಾಗಿಯೇ. ಟವರ್ ಸಿಗದ ಫೋನ್ ಸುಮ್ಮನಿರುವುದಿಲ್ಲ. ಸಿಗುವವರೆಗೂ ಹೆಚ್ಚು ಶಕ್ತಿ ಹಾಕಿ ಹುಡುಕುತ್ತಲೇ ಇರುತ್ತದೆ. ಎರಡು ಮೂರು ತಾಸಿನ ಹಾರಾಟ ಮುಗಿಸಿ ಇಳಿದಾಗ, ಕ್ಯಾಬ್ ಕರೆಯಬೇಕಾದ ಹೊತ್ತಿಗೇ ಬ್ಯಾಟರಿ ಕೆಂಪಾಗಿರುವುದಕ್ಕೆ ಇದೇ ಕಾರಣ.

ಕಾನೂನು ಹೇಳುವುದೇನು?

ಹಿಂದೆ ವಿಮಾನ ಏರುವಾಗ, ಇಳಿಯುವಾಗ ಎಲ್ಲ ಉಪಕರಣಗಳನ್ನೂ ಪೂರ್ತಿ ಆರಿಸಬೇಕಿತ್ತು. 2013ರ ಅಕ್ಟೋಬರ್ ಕೊನೆಗೆ ಅಮೆರಿಕ ಆ ನಿಯಮ ಸಡಿಲಿಸಿತು. ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2014ರ ಏಪ್ರಿಲ್‌ನಲ್ಲಿ ಅದೇ ದಾರಿ ಹಿಡಿಯಿತು. ಅಂದಿನಿಂದ ಫ್ಲೈಟ್ ಮೋಡ್‌ನಲ್ಲಿಟ್ಟ ಫೋನಿನಲ್ಲಿ ಹಾಡು ಕೇಳುವುದಕ್ಕೆ, ಪುಸ್ತಕ ಓದುವುದಕ್ಕೆ, ಮೊದಲೇ ಇಳಿಸಿಕೊಂಡ ಸಿನಿಮಾ ನೋಡುವುದಕ್ಕೆ ಅವಕಾಶವಿದೆ.

2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ವಿಮಾನ ಮತ್ತು ಹಡಗುಗಳಲ್ಲಿ ಸಂಪರ್ಕ ಸೇವೆ ಕೊಡುವ ನಿಯಮಗಳನ್ನು ತಂದಿತು. ವಿಮಾನದೊಳಗಿನ ವ್ಯವಸ್ಥೆಯ ಮೂಲಕ ಮೊಬೈಲ್ ಸೇವೆ ಕೊಡಲು ಭಾರತದ ಆಕಾಶದಲ್ಲಿ ಕನಿಷ್ಠ ಎತ್ತರ 3,000 ಮೀಟರ್ ಎಂದು ಅದರಲ್ಲಿ ಗೊತ್ತುಮಾಡಿತು. ನೆಲದ ಟವರ್‌ಗಳಿಗೆ ತೊಂದರೆ ಆಗದಿರಲೆಂದು ಈ ಮಿತಿ. ಯುರೋಪಿನಲ್ಲೂ ಇದೇ ಎತ್ತರ. 2020ರಲ್ಲಿ, ಫೋನು ಲ್ಯಾಪ್‌ಟಾಪುಗಳು ಫ್ಲೈಟ್ ಮೋಡ್‌ನಲ್ಲಿದ್ದರೆ ವೈಫೈ ಮೂಲಕ ಇಂಟರ್‌ನೆಟ್ ಬಳಸಲು ಪೈಲಟ್ ಅನುಮತಿ ಕೊಡಬಹುದೆಂದು ನಿಯಮ ತಿದ್ದುಪಡಿಯಾಯಿತು. 2024ರ ನವೆಂಬರ್‌ನಲ್ಲಿ ಮತ್ತೊಂದು ತಿದ್ದುಪಡಿ ಬಂದು, ವಿಮಾನದಲ್ಲಿ ಎಲೆಕ್ಟ್ರಾನಿಕ್ ಉಪಕರಣ ಬಳಸಲು ಅನುಮತಿ ಇರುವಾಗ ವೈಫೈ ಇಂಟರ್‌ನೆಟ್ ದೊರೆಯಬೇಕೆಂದು ಸ್ಪಷ್ಟಪಡಿಸಿತು.

ಕಾನೂನಿನ ಮಾತು ಏನೇ ಇರಲಿ, ವಿಮಾನದೊಳಗೆ ಕೊನೆಯ ಮಾತು ಪೈಲಟ್‌ನದು, ಅವರ ಪರವಾಗಿ ಸಿಬ್ಬಂದಿಯದು. ಮಂಜು ಮುಸುಕಿದಾಗ ಎಲ್ಲ ಉಪಕರಣ ಆರಿಸಿ ಎಂದರೆ ಆರಿಸಬೇಕು. ವಾದ ಮಾಡಿ ಗಲಾಟೆ ಎಬ್ಬಿಸಿದವರ ಮೇಲೆ ವಿಮಾನ ಪ್ರಯಾಣ ನಿಷೇಧದಂಥ ಕ್ರಮ ಕೈಗೊಳ್ಳಲು ನಿಯಮಗಳಲ್ಲಿ ದಾರಿ ಇದೆ.

ವಿಮಾನದ ಹೊಟ್ಟೆಯಲ್ಲೊಂದು ಪುಟ್ಟ ಟವರ್

ಈಗ, ಫೋನ್ ನಿಜಕ್ಕೂ ಹತ್ತುವ ವಿಮಾನಗಳ ವಿಷಯ. 2008ರ ಮಾರ್ಚ್ 20ರಂದು ದುಬೈನಿಂದ ಕಾಸಾಬ್ಲಾಂಕಾಕ್ಕೆ ಹೊರಟ ಎಮಿರೇಟ್ಸ್ ವಿಮಾನದಲ್ಲಿ ಪ್ರಯಾಣಿಕರು ತಮ್ಮದೇ ಮೊಬೈಲಿನಿಂದ ಅಧಿಕೃತವಾಗಿ ಕರೆ ಮಾಡಿದರು. ಆ ವಿಮಾನದೊಳಗೆ ಒಂದು ಪುಟ್ಟ ಟವರ್ ಇತ್ತು. ಪಿಕೋಸೆಲ್ ಎನ್ನುತ್ತಾರೆ. ನಿಮ್ಮ ಫೋನ್ ನೆಲದ ಟವರನ್ನು ಬಿಟ್ಟು ಕೆಲವೇ ಅಡಿ ದೂರದ ಈ ಪೆಟ್ಟಿಗೆಯ ಜತೆ ಮಾತಾಡುತ್ತದೆ. ಪೆಟ್ಟಿಗೆ ಅದನ್ನು ಉಪಗ್ರಹಕ್ಕೆ ಕಳಿಸುತ್ತದೆ, ಉಪಗ್ರಹ ನೆಲಕ್ಕಿಳಿಸುತ್ತದೆ. ಟವರ್ ಇಷ್ಟು ಹತ್ತಿರವಿರುವುದರಿಂದ ಫೋನ್ ಅತಿ ಕಡಿಮೆ ಶಕ್ತಿಯಲ್ಲಿ, ವ್ಯಾಟ್‌ನ ಸಾವಿರದಲ್ಲೊಂದು ಪಾಲಿನಷ್ಟರಲ್ಲಿ, ಕೆಲಸ ಮಾಡುತ್ತದೆ. ಹಾಗಾಗಿ ಯಾರಿಗೂ ತೊಂದರೆ ಇಲ್ಲ.

ತೊಂದರೆ ಬರುವುದು ಬಿಲ್ಲಿನಲ್ಲಿ. ಈ ಪುಟ್ಟ ಟವರ್ ಏರೋಮೊಬೈಲ್‌ನಂಥ ವಿದೇಶಿ ಕಂಪನಿಗಳದು. ಅದಕ್ಕೆ ಅಂಟಿಕೊಂಡ ನಿಮ್ಮ ಫೋನ್ ನೆಲೆಯಿಲ್ಲದ ಒಂದು ಅಂತರರಾಷ್ಟ್ರೀಯ ನೆಟ್‌ವರ್ಕಿನಲ್ಲಿ ರೋಮಿಂಗ್ ಇದ್ದಂತೆ. ಭಾರತದ ನೆಟ್‌ವರ್ಕ್‌ಗಳ ಗುರುತುಸಂಖ್ಯೆ 404, 405ರಿಂದ ಶುರುವಾದರೆ ಇವುಗಳದು 901. ಸಾಮಾನ್ಯ ವಿದೇಶಿ ರೋಮಿಂಗ್ ಪ್ಯಾಕ್ ಇದಕ್ಕೆ ಅನ್ವಯಿಸಬೇಕೆಂದೇನೂ ಇಲ್ಲ. ‘ನನ್ನ ಹತ್ತಿರ ದುಬೈ ಪ್ಯಾಕ್ ಇದೆಯಲ್ಲ’ ಎಂದು ಫ್ಲೈಟ್ ಮೋಡ್ ಹಾಕದೆ ಮಲಗಿದರೆ, ನೀವು ಮಲಗಿದ್ದಾಗ ವಾಟ್ಸ್‌ಆ್ಯಪ್ ಫೋಟೊಗಳು ತಾವಾಗಿಯೇ ಇಳಿಯುತ್ತಾ ಬಿಲ್ ಏರುತ್ತದೆ. ಬೇಕೇ ಆದವರಿಗೆ ವಿಮಾನದೊಳಗಿನ ಬಳಕೆಗೆಂದೇ ಬೇರೆ ಪ್ಯಾಕ್‌ಗಳಿವೆ. ಜಿಯೊ 2020ರಲ್ಲಿ ಇಂಥವನ್ನು 499 ರೂಪಾಯಿಯಿಂದ, ಏರ್‌ಟೆಲ್ 2024ರಲ್ಲಿ 195 ರೂಪಾಯಿಯಿಂದ ಆರಂಭಿಸಿದವು. ದರ ಬದಲಾಗುತ್ತಿರುತ್ತದೆ. ನೀವು ಹೋಗುವ ವಿಮಾನ ಕಂಪನಿ ಪಟ್ಟಿಯಲ್ಲಿದೆಯೇ ಎಂದು ಹೊರಡುವ ಮುಂಚೆ ನೋಡಿಕೊಳ್ಳಿ.

ವೈಫೈ: ಇದೆ ಎಂದರೆ ಇಂಟರ್‌ನೆಟ್ ಇದೆ ಎಂದಲ್ಲ

ಜಗತ್ತು ಈಗ ಹೆಚ್ಚಾಗಿ ವಾಲಿರುವುದು ವೈಫೈ ಕಡೆಗೆ. ವಿಮಾನದ ನೆತ್ತಿಯ ಮೇಲೆ ಒಂದು ಉಬ್ಬು ಕಂಡರೆ ಅದರೊಳಗೆ ಸಾಮಾನ್ಯವಾಗಿ ಉಪಗ್ರಹದ ಆ್ಯಂಟೆನಾ ಇರುತ್ತದೆ. ಹಳೆಯ ಬಗೆಯ ಉಪಗ್ರಹಗಳು ಇರುವುದು 35,786 ಕಿ.ಮೀ. ಎತ್ತರದಲ್ಲಿ. ನಿಮ್ಮ ಮಾತು ಅಲ್ಲಿಗೆ ಹೋಗಿ ನೆಲಕ್ಕೆ ಬರಲು ಕಾಲು ಸೆಕೆಂಡು, ಉತ್ತರ ಅದೇ ದಾರಿಯಲ್ಲಿ ವಾಪಸಾಗಲು ಇನ್ನೊಂದು ಕಾಲು ಸೆಕೆಂಡು ಬೇಕು. ಸಂದೇಶ, ಇಮೇಲ್‌ಗೆ ಇದೇನೂ ಅಡ್ಡಿಯಲ್ಲ, ವಿಡಿಯೊ ಕರೆಯಲ್ಲಿ ಮಾತ್ರ ತಡವರಿಕೆ ಕಾಣುತ್ತದೆ. ಸುಮಾರು 550 ಕಿ.ಮೀ. ಎತ್ತರದಲ್ಲಿ ಸುತ್ತುವ ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಈ ವಿಳಂಬ ಬಹಳ ಕಡಿಮೆ. ಕತಾರ್ ಏರ್‌ವೇಸ್ 2024ರ ಅಕ್ಟೋಬರ್‌ನಿಂದ ಅದನ್ನು ತನ್ನ ಬೋಯಿಂಗ್ 777 ವಿಮಾನಗಳಿಗೆ ಅಳವಡಿಸತೊಡಗಿತು.

ಭಾರತೀಯ ಕಂಪನಿಗಳಲ್ಲಿ ಮೊದಲು ವೈಫೈ ಕೊಟ್ಟದ್ದು ವಿಸ್ತಾರ, 2020ರ ಸೆಪ್ಟೆಂಬರ್‌ನಲ್ಲಿ, ಲಂಡನ್‌ಗೆ ಹಾರುತ್ತಿದ್ದ ಬೋಯಿಂಗ್ 787–9ರಲ್ಲಿ. 2025ರ ಜನವರಿ 1ರಂದು ಏರ್ ಇಂಡಿಯಾ ತನ್ನ ಏರ್‌ಬಸ್ ಎ350, ಬೋಯಿಂಗ್ 787–9 ಮತ್ತು ಆಯ್ದ ಎ321 ನಿಯೊ ವಿಮಾನಗಳಲ್ಲಿ ದೇಶದೊಳಗಿನ ಹಾರಾಟಕ್ಕೂ ವೈಫೈ ಆರಂಭಿಸುವುದಾಗಿ ಪ್ರಕಟಿಸಿತು. ಈ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ. ಇಲ್ಲಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ರೂಪುಗೊಂಡ 4,700 ಕಿಲೊ ತೂಕದ ಜಿಸ್ಯಾಟ್–ಎನ್2 ಉಪಗ್ರಹ 2024ರ ನವೆಂಬರ್ 19ರಂದು ಅಮೆರಿಕದ ಕೇಪ್ ಕೆನವೆರಲ್‌ನಿಂದ ಕಕ್ಷೆಗೆ ಹೊರಟಿತು. ಸೆಕೆಂಡಿಗೆ 48 ಗಿಗಾಬಿಟ್ ಸಾಮರ್ಥ್ಯದ ಅದರ ಉದ್ದೇಶಗಳಲ್ಲಿ ಭಾರತದ ಆಕಾಶದಲ್ಲಿ ಹಾರುವ ವಿಮಾನಗಳಿಗೆ ಇಂಟರ್‌ನೆಟ್ ಕೊಡುವುದೂ ಒಂದು.

ಇಲ್ಲಿ ಎರಡು ಕಡೆ ಪ್ರಯಾಣಿಕರು ಎಡವುತ್ತಾರೆ. ಮೊದಲನೆಯದು, ಎಷ್ಟೋ ವಿಮಾನಗಳಲ್ಲಿ ವೈಫೈ ಗುರುತು ಕಾಣುವುದು ಸಿನಿಮಾ ನೋಡುವುದಕ್ಕೆ ಮಾತ್ರ. ಆ ಸಿನಿಮಾಗಳು ವಿಮಾನದೊಳಗಿನ ಪೆಟ್ಟಿಗೆಯಲ್ಲೇ ಇರುತ್ತವೆ. ಹೊರಜಗತ್ತಿಗೆ ಅದರಿಂದ ದಾರಿಯಿಲ್ಲ. ನಮ್ಮ ಸಣ್ಣ ಊರುಗಳಿಗೆ ಬರುವ ಎಟಿಆರ್‌ನಂಥ ಚಿಕ್ಕ ವಿಮಾನಗಳಲ್ಲಿ ಇಂಟರ್‌ನೆಟ್ಟನ್ನು ನಿರೀಕ್ಷಿಸದಿರುವುದೇ ಲೇಸು. ಎರಡನೆಯದು ಒಟಿಪಿ. ವೈಫೈಗೆ ದುಡ್ಡು ಕಟ್ಟಲು ಕಾರ್ಡ್ ಸಂಖ್ಯೆ ಹಾಕುತ್ತೀರಿ. ಬ್ಯಾಂಕ್ ಒಟಿಪಿಯನ್ನು ನಿಮ್ಮ ಮೊಬೈಲಿಗೆ ಎಸ್‌ಎಂಎಸ್ ಮಾಡುತ್ತದೆ. ಫೋನ್ ಫ್ಲೈಟ್ ಮೋಡ್‌ನಲ್ಲಿದೆ, ಎಸ್‌ಎಂಎಸ್ ಬರುವುದು ಹೇಗೆ? ದುಡ್ಡು ಕೊಡುವ ವೈಫೈ ಬೇಕಿದ್ದರೆ ನೆಲದ ಮೇಲಿದ್ದಾಗಲೇ ಕೊಂಡಿಡಿ.

ವೈಫೈ ಇದ್ದರೂ ಮಾತಾಡಲು ಎಲ್ಲ ಕಡೆ ಬಿಡುವುದಿಲ್ಲ. ಹಲವು ಕಂಪನಿಗಳು ಧ್ವನಿ ಕರೆಯನ್ನು ತಡೆಹಿಡಿದು ಸಂದೇಶ ಮತ್ತು ಬ್ರೌಸಿಂಗ್‌ಗಷ್ಟೇ ಅವಕಾಶ ಕೊಡುತ್ತವೆ. ಮುಚ್ಚಿದ ಕೊಳವೆಯಂಥ ಜಾಗದಲ್ಲಿ ಒಬ್ಬರು ಗಟ್ಟಿಯಾಗಿ ಮಾತಾಡಿದರೆ ಇಪ್ಪತ್ತು ಜನ ಕೇಳಿಸಿಕೊಳ್ಳಬೇಕಾಗುತ್ತದೆ. ರಾತ್ರಿ ಬಸ್ಸಿನಲ್ಲಿ ಇದನ್ನು ಅನುಭವಿಸಿದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಹೊರಡುವ ಮುಂಚೆ, ಹಾರುವಾಗ, ಇಳಿದಾಗ

• ಬೋರ್ಡಿಂಗ್ ಪಾಸ್, ಹೋಟೆಲ್ ವಿಳಾಸ, ಕರೆದೊಯ್ಯಲು ಬರುವವರ ನಂಬರ್, ವೀಸಾ ಪ್ರತಿಗಳನ್ನು ಫೋನಿನಲ್ಲೇ ಉಳಿಸಿಕೊಳ್ಳಿ. ಇಂಟರ್‌ನೆಟ್ ಇಲ್ಲದಿದ್ದರೂ ತೆರೆಯುವಂತಿರಲಿ. ಮುಖ್ಯವಾದ ಎರಡು ನಂಬರುಗಳನ್ನು ಚೀಟಿಯಲ್ಲೂ ಬರೆದಿಡಿ.

• ವಿಮಾನದ ಬಾಗಿಲು ಮುಚ್ಚುವ ಮುಂಚೆ ಕರೆ ಮುಗಿಸಿ, ಫ್ಲೈಟ್ ಮೋಡ್ ಹಾಕಿ. ವೈಫೈ, ಬ್ಲೂಟೂತ್ ಬೇಕಿದ್ದರೆ ಆಮೇಲೆ ಅವೆರಡನ್ನು ಮಾತ್ರ ಬೇರೆಯಾಗಿ ಚಾಲೂ ಮಾಡಬಹುದು. ಬ್ಲೂಟೂತ್ ಇಯರ್‌ಫೋನ್ ಬಗ್ಗೆ ಸಿಬ್ಬಂದಿ ಹೇಳಿದಂತೆ ನಡೆಯಿರಿ.

• ಹಿರಿಯರ ಗುಂಡಿ ಫೋನಿನ ಸೆಟ್ಟಿಂಗ್‌ನಲ್ಲಿ ಫ್ಲೈಟ್ ಮೋಡ್ ಇದೆಯೇ ನೋಡಿ. ಇಲ್ಲದಿದ್ದರೆ ಪೂರ್ತಿ ಬಂದ್ ಮಾಡಿಸಿ. ಮತ್ತೆ ಚಾಲೂ ಮಾಡುವ ಗುಂಡಿ ಯಾವುದೆಂದು ಮನೆಯಲ್ಲೇ ಒಮ್ಮೆ ಮಾಡಿಸಿ ತೋರಿಸಿ.

• ಎರಡು ಸಿಮ್ ಇರುವವರು, ಕೈಗೆ ಕಟ್ಟುವ ಸಿಮ್ ಇರುವ ಗಡಿಯಾರ ಅಥವಾ ಟ್ಯಾಬ್ ಇರುವವರು ಅವುಗಳನ್ನೂ ಮರೆಯಬೇಡಿ.

• ವಿದೇಶಕ್ಕೆ ಹೊರಟವರು ಡೇಟಾ ರೋಮಿಂಗ್ ಬಂದ್ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ, ವಿಡಿಯೊ ತಾವಾಗಿಯೇ ಇಳಿಯುವುದನ್ನೂ ನಿಲ್ಲಿಸಿ. ವಿಮಾನದ ವೈಫೈಯಲ್ಲೂ ಇದು ಡೇಟಾ ಉಳಿಸುತ್ತದೆ.

• ಪವರ್ ಬ್ಯಾಂಕನ್ನು ಚೆಕ್–ಇನ್ ಬ್ಯಾಗಿನಲ್ಲಿ ಹಾಕುವಂತಿಲ್ಲ. ಕೈಚೀಲದಲ್ಲೇ ಇರಬೇಕು. ಸಾಮಾನ್ಯ ಮಿತಿ 100 ವ್ಯಾಟ್–ಅವರ್, ಅಂದರೆ ಸುಮಾರು 27,000 ಎಂಎಎಚ್. ಒಯ್ಯಲು ಬಿಟ್ಟರೂ ಬಳಸಲು ಎಲ್ಲರೂ ಬಿಡುವುದಿಲ್ಲ. ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ಹಾರಾಟದ ವೇಳೆ ಪವರ್ ಬ್ಯಾಂಕ್ ಬಳಕೆ ನಿಷೇಧಿಸಿದೆ. ಫೋನನ್ನು ಮನೆಯಲ್ಲೇ ಪೂರ್ತಿ ಚಾರ್ಜ್ ಮಾಡಿ ಹೊರಡಿ.

• ಫೋನ್ ಸೀಟಿನ ಸಂದಿಗೆ ಜಾರಿದರೆ ಸೀಟನ್ನು ಹಿಂದೆ ಮುಂದೆ ಮಾಡಿ ಹುಡುಕಬೇಡಿ. ಸೀಟಿನ ಕಬ್ಬಿಣಕ್ಕೆ ಸಿಕ್ಕಿ ಬ್ಯಾಟರಿ ಜಜ್ಜಿಹೋದರೆ ಬೆಂಕಿ ಹೊತ್ತಿಕೊಳ್ಳಬಹುದು. ಫೋನ್ ವಿಪರೀತ ಬಿಸಿಯಾದರೂ, ಉಬ್ಬಿದರೂ, ಹೊಗೆ ಬಂದರೂ ತಕ್ಷಣ ಸಿಬ್ಬಂದಿಯನ್ನು ಕರೆಯಿರಿ.

• ಇಳಿದ ಕೂಡಲೇ ಅಲ್ಲ, ಸಿಬ್ಬಂದಿ ‘ಈಗ ಮೊಬೈಲ್ ಬಳಸಬಹುದು’ ಎಂದ ಮೇಲೆ ಫ್ಲೈಟ್ ಮೋಡ್ ತೆಗೆಯಿರಿ. ನೆಟ್‌ವರ್ಕ್ ಬರಲು ಒಂದೆರಡು ನಿಮಿಷ ಹಿಡಿಯಬಹುದು. ಬಾರದಿದ್ದರೆ ಫೋನನ್ನು ಒಮ್ಮೆ ಬಂದ್ ಮಾಡಿ ಚಾಲೂ ಮಾಡಿ.

ಫ್ಲೈಟ್ ಮೋಡ್‌ನಲ್ಲೂ ಕೆಲಸ ಮಾಡುವ ಒಂದು ಸೌಲಭ್ಯ

ಟವರ್ ಇಲ್ಲ, ವೈಫೈ ಇಲ್ಲ, ಆದರೂ ಫೋನಿನಿಂದ ಒಂದು ಒಳ್ಳೆಯ ಉಪಯೋಗ ಉಂಟು. ಜಿಪಿಎಸ್ ಉಪಗ್ರಹದ ಸಂಕೇತವನ್ನು ಫೋನ್ ಕೇಳಿಸಿಕೊಳ್ಳುತ್ತದೆಯೇ ಹೊರತು ಏನನ್ನೂ ಕಳಿಸುವುದಿಲ್ಲ. ಹಾಗಾಗಿ ಈಗಿನ ಬಹುತೇಕ ಸ್ಮಾರ್ಟ್‌ಫೋನುಗಳಲ್ಲಿ ಅದು ಫ್ಲೈಟ್ ಮೋಡ್‌ನಲ್ಲೂ ನಡೆಯುತ್ತದೆ. ಮನೆಯಲ್ಲಿದ್ದಾಗಲೇ ಕರ್ನಾಟಕದ ನಕ್ಷೆಯನ್ನು ಆಫ್‌ಲೈನ್ ಇಳಿಸಿಕೊಂಡು, ಕಿಟಕಿ ಪಕ್ಕ ಫೋನ್ ಹಿಡಿದರೆ ಒಂದೆರಡು ನಿಮಿಷದಲ್ಲಿ ನೀಲಿ ಚುಕ್ಕೆ ನಕ್ಷೆಯ ಮೇಲೆ ಓಡತೊಡಗುತ್ತದೆ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವಾಗ ಬಯಲು ಮುಗಿದು ಪಶ್ಚಿಮ ಘಟ್ಟದ ಹಸಿರು ಎಲ್ಲಿ ಶುರುವಾಯಿತು, ಕೆಳಗೆ ಹೊಳೆಯುತ್ತಿರುವ ನೀರು ಯಾವ ಕೆರೆಯದು, ಯಾವ ನದಿಯದು ಎಂದು ಮಕ್ಕಳಿಗೆ ತೋರಿಸಬಹುದು. ಭೂಗೋಳದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಕಿಟಕಿ ಇಲ್ಲ.

ಮನೆಯವರಿಗೆ ಒಂದು ಮಾತು

ನಮ್ಮ ಎಷ್ಟೋ ಮನೆಗಳ ಮಕ್ಕಳು ಈಗ ದುಬೈ, ಮಸ್ಕತ್, ಲಂಡನ್, ಡಲ್ಲಾಸ್‌ಗಳಲ್ಲಿದ್ದಾರೆ. ಅವರು ಬರುವ ದಿನ ಮನೆಯವರು ಫೋನ್ ಹಚ್ಚುತ್ತಲೇ ಇರುತ್ತಾರೆ. ‘ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ’ ಎಂಬ ದನಿ ಕೇಳಿದಾಗೆಲ್ಲ ಎದೆ ಹೊಡೆದುಕೊಳ್ಳುತ್ತದೆ. ವಿಮಾನದಲ್ಲಿರುವವರ ಫೋನಿನಿಂದ ಅಂಥ ದನಿ ಬರುವುದು ಎಲ್ಲವೂ ಕ್ರಮವಾಗಿ ನಡೆಯುತ್ತಿದೆ ಎಂಬುದರ ಗುರುತು. ವಿಮಾನ ಎಲ್ಲಿದೆ ಎಂದು ತಿಳಿಯಬೇಕಿದ್ದರೆ ಪ್ರಯಾಣಿಕರ ಫೋನಿಗೆ ಹಚ್ಚುವ ಬದಲು ವಿಮಾನದ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಿ. ವಿಮಾನ ಕಂಪನಿಯ ಅಥವಾ ನಿಲ್ದಾಣದ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಹೊರಟಿತೇ, ತಡವೇ, ಇಳಿಯಿತೇ ಎಂಬುದೆಲ್ಲ ಸಿಗುತ್ತದೆ.

ಪ್ರಯಾಣಿಕರೂ ಇಷ್ಟು ಮಾಡಬೇಕು. ಹೊರಡುವ ಮುಂಚೆ ಮನೆಗೆ ಮೂರು ಮಾತು ಹೇಳಿ: ವಿಮಾನದ ಸಂಖ್ಯೆ, ಫೋನ್ ಎಷ್ಟು ತಾಸು ಬಂದ್ ಇರುತ್ತದೆ, ಇಳಿದ ಮೇಲೆ ಎಷ್ಟು ಹೊತ್ತಿಗೆ ನೀವೇ ಕರೆ ಮಾಡುತ್ತೀರಿ. ವಿಮಾನ ಬದಲಿಸುವ ನಿಲ್ದಾಣವಿದ್ದರೆ ಅದನ್ನೂ ಸೇರಿಸಿ.

ಆ ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದಾಗ ಅಜ್ಜಿ ಸೆರಗಿನ ಗಂಟು ಬಿಚ್ಚಿ ಫೋನ್ ತೆಗೆದರು. ಚಾಲೂ ಮಾಡಿದ ಎರಡನೇ ನಿಮಿಷಕ್ಕೆ ಮಗಳ ಕರೆ ಬಂತು. ಮಗಳಿಗೆ ಗಾಬರಿಯಾಗಿರಲಿಲ್ಲ, ಒಂದು ತಾಸು ಕಾಯಬೇಕೆಂದು ಅವಳಿಗೆ ಮೊದಲೇ ಗೊತ್ತಿತ್ತು. ನಿಮ್ಮ ಮುಂದಿನ ವಿಮಾನ ಪ್ರಯಾಣದಲ್ಲೂ ಹಾಗೇ ಮಾಡಿ: ಹೇಳುವುದನ್ನು ನೆಲದ ಮೇಲೇ ಹೇಳಿ ಮುಗಿಸಿ, ಆಮೇಲೆ ಫ್ಲೈಟ್ ಮೋಡ್ ಹಾಕಿ.